ಎಕ್ಲಿಪ್ಸ್‌ನಲ್ಲಿ ತೆಗೆದರೂ ಮರಳಿ ಬರುವ ‘ಜೆ2ಎಸ್‌ಇ-1.5’ ವಾರ್ನಿಂಗ್

ಮೇವನ್ ಎಂಬ ಬಿಲ್ಡ್ ಸಾಧನ ಬಳಸಿ ಜಾವಾ ಪ್ರಾಜೆಕ್ಟ್ ಮಾಡುವವರಿಗೆ, ಕೋಡ್ ಬರೆಯುವ ತಂತ್ರಾಂಶವಾದ ಎಕ್ಲಿಪ್ಸ್‌ನ ‘ಪ್ರಾಬ್ಲಮ್ಸ್’ ಟ್ಯಾಬಿನಲ್ಲಿ ಕುಳಿತಿರುವ ಒಂದು ಹಳದಿ ವಾರ್ನಿಂಗ್ ಬಹಳ ಪರಿಚಿತ. ಈ ಪ್ರಾಜೆಕ್ಟಿನ ಬಿಲ್ಡ್ ಪಾತ್ ‘ಜೆ2ಎಸ್‌ಇ-1.5’ ಎಂಬ ಎಕ್ಸಿಕ್ಯೂಷನ್ ಎನ್ವಿರಾನ್‌ಮೆಂಟ್ ಬೇಕೆನ್ನುತ್ತಿದೆ, ಆದರೆ ಅದಕ್ಕೆ ಕರಾರುವಾಕ್ಕಾಗಿ ಹೊಂದುವ, ಜಾವಾ ಕೋಡನ್ನು ಓಡಿಸುವ ಜೆಆರ್‌ಇ ಈ ವರ್ಕ್‌ಸ್ಪೇಸಿನಲ್ಲಿ ಒಂದೂ ಇಲ್ಲ ಎಂಬುದು ಅದು ಹೇಳುವ ಮಾತು. ಕಂಪ್ಯೂಟರಿನಲ್ಲಿ ಇರುವುದು ಜಾವಾ 17, ಬರೆಯುತ್ತಿರುವುದು ಈಚಿನ ಕೋಡ್, ಹೀಗಿರುವಾಗ 2004ರಲ್ಲಿ ಬಿಡುಗಡೆಯಾದ ಜಾವಾ 5ರ (ಹಳೆಯ ಎಣಿಕೆಯಲ್ಲಿ 1.5; ಹಾಗೆಯೇ 1.8 ಎಂದರೆ ಜಾವಾ 8) ಹೆಸರು ಇಲ್ಲಿಗೆ ಹೇಗೆ ಬಂತು ಎಂದು ಹೊಸಬರು ಗಾಬರಿಯಾಗುತ್ತಾರೆ. ಹಳಬರಾದರೆ ಪ್ರಾಪರ್ಟೀಸ್ ತೆರೆದು ಅದನ್ನು ತೆಗೆದುಹಾಕಿ ಕೆಲಸಕ್ಕೆ ಮರಳುತ್ತಾರೆ. ಒಂದೆರಡು ದಿನ ಕಳೆಯುವುದರೊಳಗೆ ಅದು ಮತ್ತೆ ಹಾಜರಾಗುತ್ತದೆ.

ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ನಮ್ಮ ಸಣ್ಣ ಆಫೀಸಿಗೆ ಧಾರವಾಡ, ಗದಗ, ಹಾವೇರಿ ಕಡೆಯ ಕಾಲೇಜುಗಳಿಂದ ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ವಿದ್ಯಾರ್ಥಿಗಳು ಬರುತ್ತಿರುತ್ತಾರೆ. ಅವರಲ್ಲಿ ಹೆಚ್ಚಿನವರು ನನ್ನ ಬಳಿ ಮೊದಲು ತರುವ ದೂರುಗಳಲ್ಲಿ ಇದೂ ಒಂದು. ಈಚೆಗೆ ಬಂದ ಹುಡುಗಿಯೊಬ್ಬಳು ಲ್ಯಾಪ್‌ಟಾಪನ್ನೇ ಎತ್ತಿಕೊಂಡು ಬಂದು, “ಸರ್, ನಿನ್ನೇನ ತಗದಿದ್ನಿರಿ, ಮತ್ತ ಬಂದು ಕುಂತೈತಿ ನೋಡ್ರಿ” ಎಂದಳು. ಪಕ್ಕದಲ್ಲಿದ್ದ ಅವಳ ಗೆಳೆಯ, “ಅದು ಹಳದೀದ ಐತಲ್ಲ, ಕೋಡ್ ಓಡತೈತಿ, ಬಿಟ್ಟಬಿಡು” ಎಂದ. ಅವಳ ಅಸಮಾಧಾನವೇ ಸರಿಯಾದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ತೆಗೆದದ್ದು ಮರಳಿ ಬರುತ್ತಿದೆ ಎಂದರೆ ನಾವು ತೆಗೆದ ಜಾಗ ಬೇರೆ, ಅದು ಹುಟ್ಟುವ ಜಾಗ ಬೇರೆ ಎಂದರ್ಥ. ಆ ಹುಟ್ಟುವ ಜಾಗವನ್ನು ಹುಡುಕುವ ಕ್ರಮವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಸಾಮಾನ್ಯವಾಗಿ ಎಲ್ಲರೂ ಮಾಡುವುದು ಇಷ್ಟು. ಪ್ರಾಜೆಕ್ಟಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ಗೆ ಹೋಗಿ, ‘ಜಾವಾ ಬಿಲ್ಡ್ ಪಾತ್’ನ ‘ಲೈಬ್ರರೀಸ್’ ಟ್ಯಾಬ್ ತೆರೆದು, ಅಲ್ಲಿರುವ ‘ಜೆಆರ್‌ಇ ಸಿಸ್ಟಮ್ ಲೈಬ್ರರಿ’ಯನ್ನು ಎಡಿಟ್ ಮಾಡಿ, 1.5 ಇದ್ದಲ್ಲಿ ‘ಜಾವಾಎಸ್‌ಇ-17’ ಆರಿಸುತ್ತಾರೆ. ‘ಅಪ್ಲೈ’ ಒತ್ತಿದ ಕೂಡಲೇ ವಾರ್ನಿಂಗ್ ಹೋಗುತ್ತದೆ. ಆ ಮೇಲೆ ಯಾರೋ ಹೊಸ ಡಿಪೆಂಡೆನ್ಸಿಯೊಂದನ್ನು ಸೇರಿಸುತ್ತಾರೆ, ಪ್ರಾಜೆಕ್ಟಿನ ಕಾನ್ಫಿಗರೇಷನ್ ಹಳತಾಗಿದೆ, ‘ಅಪ್‌ಡೇಟ್ ಪ್ರಾಜೆಕ್ಟ್’ ಮಾಡಿ ಎಂದು ಎಕ್ಲಿಪ್ಸ್ ಕೇಳುತ್ತದೆ, ಆಲ್ಟ್ ಮತ್ತು ಎಫ್5 ಕೀಲಿಗಳನ್ನು ಒಟ್ಟಿಗೆ ಒತ್ತಿ ಓಕೆ ಕೊಟ್ಟೊಡನೆ ಲೈಬ್ರರಿಯ ಹೆಸರಿನ ಪಕ್ಕದ ಕಂಸದಲ್ಲಿ 1.5 ಮತ್ತೆ ಕಾಣಿಸಿಕೊಳ್ಳುತ್ತದೆ. ಕೆಲವೊಮ್ಮೆ ಅದರ ಹಿಂದೆಯೇ ಕೆಂಪು ದೋಷಗಳ ಸಾಲೂ ಬರುತ್ತದೆ. ಲ್ಯಾಂಬ್ಡಾ ಬರೆದ ಕಡೆಗಳಲ್ಲೆಲ್ಲ ಇದು 1.8 ಅಥವಾ ಅದಕ್ಕೆ ಮೇಲಿನ ಸೋರ್ಸ್ ಮಟ್ಟದಲ್ಲಿ ಮಾತ್ರ ಸಾಧ್ಯ ಎನ್ನುತ್ತದೆ. ಸ್ಟ್ರಿಂಗ್ ಮೇಲೆ ಸ್ವಿಚ್ ಬರೆದಿದ್ದರೆ 1.7ಕ್ಕಿಂತ ಕೆಳಗೆ ಆಗದು ಎನ್ನುತ್ತದೆ; ಇಂಟರ್‌ಫೇಸಿನ ಮೆಥಡಿಗೆ ‘ಓವರ್‌ರೈಡ್’ ಎಂಬ ಗುರುತು ಹಾಕಿದ್ದರೆ ಅದನ್ನೂ ಒಪ್ಪುವುದಿಲ್ಲ. ನಿನ್ನೆ ಸಂಜೆಯವರೆಗೆ ಸರಿಯಾಗಿದ್ದ ಕೋಡ್ ಬೆಳಿಗ್ಗೆ ತುಂಬಾ ಕೆಂಪಾದದ್ದನ್ನು ಕಂಡರೆ ಯಾರಿಗಾದರೂ ಕೈಕಾಲು ಆಡುವುದಿಲ್ಲ.

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ನಾವು ಬದಲಾಯಿಸಿದ ಆ ಸೆಟ್ಟಿಂಗ್ ಯಾವ ಕಡತದಲ್ಲಿ ಉಳಿಯುತ್ತದೆ ಮತ್ತು ಆ ಕಡತವನ್ನು ಬರೆಯುವ ಅಧಿಕಾರ ಇನ್ನು ಯಾರಿಗಿದೆ? ಪ್ರಾಪರ್ಟೀಸ್‌ನಲ್ಲಿ ನಾವು ಆರಿಸಿದ ಜೆಆರ್‌ಇಯ ವಿವರ ಪ್ರಾಜೆಕ್ಟಿನ ಫೋಲ್ಡರಿನಲ್ಲೇ ಇರುವ ‘.ಕ್ಲಾಸ್‌ಪಾತ್’ ಎಂಬ ಕಡತಕ್ಕೆ ಹೋಗುತ್ತದೆ. ಹೆಸರಿನ ಮುಂದೆ ಚುಕ್ಕೆ ಇರುವುದರಿಂದ ಎಕ್ಲಿಪ್ಸ್‌ನ ಎಡಗಡೆಯ ಪಟ್ಟಿಯಲ್ಲಿ ಅದು ಸಾಮಾನ್ಯವಾಗಿ ಕಾಣಿಸುವುದಿಲ್ಲ. ಫಿಲ್ಟರ್ ತೆಗೆದರೆ ಅಥವಾ ಫೋಲ್ಡರನ್ನು ಹೊರಗಿನಿಂದ ತೆರೆದರೆ ಸಿಗುತ್ತದೆ. ಸೋರ್ಸ್ ಮಟ್ಟ ಎಷ್ಟು, ಟಾರ್ಗೆಟ್ ಎಷ್ಟು ಎಂಬ ವಿವರ ‘.ಸೆಟ್ಟಿಂಗ್ಸ್’ ಎಂಬ ಫೋಲ್ಡರಿನೊಳಗೆ, ಎಕ್ಲಿಪ್ಸ್‌ನ ಜಾವಾ ಭಾಗವಾದ ಜೆಡಿಟಿಯ ಪ್ರಿಫರೆನ್ಸ್ ಕಡತದಲ್ಲಿ ಇರುತ್ತದೆ. ಸಾದಾ ಜಾವಾ ಪ್ರಾಜೆಕ್ಟ್ ಆಗಿದ್ದರೆ ಈ ಎರಡೂ ನಮ್ಮ ಅಧೀನದಲ್ಲೇ ಇರುತ್ತಿದ್ದವು. ಪ್ರಾಜೆಕ್ಟ್ ಮೇವನ್‌ನದ್ದಾದಾಗ ಮಾತ್ರ ಎಂ2ಇ ಎಂಬ ಪ್ಲಗಿನ್ ನಡುವೆ ಬರುತ್ತದೆ. ಪ್ರಾಜೆಕ್ಟನ್ನು ಹೇಗೆ ಬಿಲ್ಡ್ ಮಾಡಬೇಕೆಂದು ಮೇವನ್‌ಗೆ ಹೇಳುವ ‘ಪಾಮ್.ಎಕ್ಸ್‌ಎಂಎಲ್’ ಕಡತವನ್ನು ಓದಿ, ಅದರಲ್ಲಿ ಹೇಳಿದ್ದನ್ನು ಎಕ್ಲಿಪ್ಸ್‌ಗೆ ತಿಳಿಯುವ ರೂಪಕ್ಕೆ ಇಳಿಸಿ, ಈ ಎರಡು ಕಡತಗಳಲ್ಲಿ ಬರೆಯುವುದೇ ಅದರ ಕೆಲಸ. ಪ್ರತಿ ಸಲ ‘ಅಪ್‌ಡೇಟ್ ಪ್ರಾಜೆಕ್ಟ್’ ಎಂದಾಗಲೂ ಅದು ಪಾಮ್ ಅನ್ನು ಹೊಸದಾಗಿ ಓದಿ ಹೊಸದಾಗಿ ಬರೆಯುತ್ತದೆ. ನಾವು ಕೈಯಾರೆ ತಿದ್ದಿದ್ದು ಅದಕ್ಕೆ ಲೆಕ್ಕಕ್ಕಿಲ್ಲ, ಇರಲೂ ಬಾರದು. ಊರಿನ ಪಹಣಿಯ ಮೂಲದಲ್ಲಿ ಹೆಸರು ತಪ್ಪಿದ್ದರೆ ನಮ್ಮ ಕೈಯಲ್ಲಿರುವ ಪ್ರತಿಯನ್ನು ಪೆನ್ನಿನಿಂದ ತಿದ್ದಿ ಏನು ಪ್ರಯೋಜನ, ಮುಂದಿನ ಸಲ ತೆಗೆಸಿದ ಪ್ರತಿಯಲ್ಲಿ ಹಳೆಯ ಹೆಸರೇ ಬರುತ್ತದೆ.

ಹಾಗಿದ್ದರೆ ಪಾಮ್‌ನಲ್ಲಿ 1.5 ಎಂದು ಯಾರು ಬರೆದರು? ಬಹುತೇಕ ಸಂದರ್ಭಗಳಲ್ಲಿ ಯಾರೂ ಬರೆದಿರುವುದಿಲ್ಲ, ಮತ್ತು ಸಮಸ್ಯೆಯೂ ಅದೇ. ಪಾಮ್‌ನಲ್ಲಿ ಜಾವಾ ಆವೃತ್ತಿಯ ಬಗ್ಗೆ ಒಂದಕ್ಷರವೂ ಇಲ್ಲದಿದ್ದಾಗ ಮೇವನ್‌ನ ಕಂಪೈಲರ್ ಪ್ಲಗಿನ್ ತನ್ನದೇ ಡೀಫಾಲ್ಟ್ ಮೌಲ್ಯವನ್ನು ಹಿಡಿಯುತ್ತದೆ. ಆ ಪ್ಲಗಿನ್‌ನ 3.8.0ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಬಹುಕಾಲ ಡೀಫಾಲ್ಟ್ ಇದ್ದದ್ದು 1.5. 3.8.0ರಲ್ಲಿ ಅದು 1.6 ಆಯಿತು, 3.9.0ರಲ್ಲಿ 1.7, 3.11.0ರಲ್ಲಿ 1.8. ಅಂದರೆ ನಮ್ಮ ಕಂಪ್ಯೂಟರಿನಲ್ಲಿ ಯಾವ ಜಾವಾ ಇದೆ ಎಂಬುದನ್ನು ನೋಡಿ ಮೇವನ್ ಆವೃತ್ತಿಯನ್ನು ನಿರ್ಧರಿಸುವುದಿಲ್ಲ. ಇದು ಮೊದಲಿಗೆ ವಿಚಿತ್ರವೆನಿಸಿದರೂ ಯೋಚಿಸಿದರೆ ನ್ಯಾಯವಾದದ್ದೇ, ಏಕೆಂದರೆ ಒಂದೇ ಕೋಡನ್ನು ಹುಬ್ಬಳ್ಳಿಯ ಒಂದು ಯಂತ್ರದಲ್ಲಿ ಜಾವಾ 17ರ ಮೂಲಕವೂ ಧಾರವಾಡದ ಇನ್ನೊಂದು ಯಂತ್ರದಲ್ಲಿ ಜಾವಾ 21ರ ಮೂಲಕವೂ ಬಿಲ್ಡ್ ಮಾಡಿದಾಗ ಒಂದೇ ಬಗೆಯ ಫಲಿತಾಂಶ ಬರಬೇಕೆಂಬುದು ಮೇವನ್‌ನ ಮೂಲ ಉದ್ದೇಶಗಳಲ್ಲಿ ಒಂದು.

ಈ ಡೀಫಾಲ್ಟ್‌ನಿಂದಾಗಿ ಇನ್ನೊಂದು ಗೊಂದಲವೂ ಹುಟ್ಟುತ್ತದೆ, ಅದನ್ನು ಬಿಡಿಸಿ ಹೇಳಲೇಬೇಕು. ಎಕ್ಲಿಪ್ಸ್‌ನೊಳಗೆ ಎಂ2ಇ ತನ್ನದೇ ಆದ ಒಂದು ಮೇವನ್ ಅನ್ನು ಇಟ್ಟುಕೊಂಡಿರುತ್ತದೆ. ಟರ್ಮಿನಲ್‌ನಲ್ಲಿ ನಾವು ಓಡಿಸುವ ಮೇವನ್ ಬೇರೆ. ಪಾಮ್‌ನಲ್ಲಿ ಪ್ಲಗಿನ್‌ನ ಆವೃತ್ತಿಯನ್ನು ನಾವು ಹೇಳದಿದ್ದರೆ ಆಯಾ ಮೇವನ್ ತನಗೆ ಗೊತ್ತಿರುವ ಆವೃತ್ತಿಯನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಒಂದೇ ಪ್ರಾಜೆಕ್ಟ್ ಎಕ್ಲಿಪ್ಸ್‌ನಲ್ಲಿ ಒಂದು ಮಟ್ಟವನ್ನೂ ಟರ್ಮಿನಲ್‌ನಲ್ಲಿ ಇನ್ನೊಂದು ಮಟ್ಟವನ್ನೂ ತೋರಿಸುವುದು ಸಾಧ್ಯ. ಕಂಪೈಲರ್ ಕೂಡ ಬೇರೆ ಬೇರೆಯೇ. ಎಕ್ಲಿಪ್ಸ್ ಬಳಸುವುದು ತನ್ನ ಸ್ವಂತ ಕಂಪೈಲರನ್ನು, ಟರ್ಮಿನಲ್‌ನಲ್ಲಿ ಕೆಲಸ ಮಾಡುವುದು ಜೆಡಿಕೆಯ (ಜಾವಾ ತಂತ್ರಾಂಶ ತಯಾರಿಸುವ ಸಾಧನಗಳ ಕಟ್ಟು) ಜಾವಾಸಿ ಎಂಬ ಕಂಪೈಲರ್. ಎಕ್ಲಿಪ್ಸ್‌ನ ಕಂಪೈಲರ್ ಬಹುಕಾಲ 1.5ನ್ನು ಸಹಿಸಿಕೊಂಡು ಹಳದಿ ಬಣ್ಣದಲ್ಲಿ ಎಚ್ಚರಿಸುತ್ತಾ ಬಂದರೆ, ಜಾವಾಸಿ ಅಷ್ಟು ತಾಳ್ಮೆಯದ್ದಲ್ಲ. ಜೆಡಿಕೆ 9ರಿಂದಲೇ ಅದು 1.5ನ್ನು ಕೈಬಿಟ್ಟಿದೆ, 12ರಲ್ಲಿ 6ನ್ನು ಬಿಟ್ಟಿತು, 20ರಲ್ಲಿ 7ನ್ನೂ ಬಿಟ್ಟಿತು. ಆದ್ದರಿಂದ ಜೆಡಿಕೆ 17 ಇರುವ ಟರ್ಮಿನಲ್‌ನಲ್ಲಿ ಇದೇ ಪಾಮ್ ಬಿಲ್ಡ್ ಆದಾಗ ಸೋರ್ಸ್ ಆಯ್ಕೆ 5ಕ್ಕೆ ಈಗ ಬೆಂಬಲವಿಲ್ಲ, 7 ಅಥವಾ ಮೇಲಿನದನ್ನು ಬಳಸಿ ಎಂಬ ಕೆಂಪು ದೋಷ ಬಂದು ಬಿಲ್ಡ್ ನಿಂತೇಹೋಗುತ್ತದೆ. ಹಳದಿ ವಾರ್ನಿಂಗೂ ಆ ಕೆಂಪು ದೋಷವೂ ಒಂದೇ ಕಾರಣದಿಂದ ಹುಟ್ಟಿದವು ಎಂಬುದು ತಿಳಿಯದೆ ಎರಡಕ್ಕೂ ಬೇರೆ ಬೇರೆ ಪರಿಹಾರ ಹುಡುಕುತ್ತಾ ಕೂರುವವರನ್ನು ಬಹಳ ನೋಡಿದ್ದೇನೆ.

ಪತ್ತೆಹಚ್ಚುವ ವಿಧಾನ ಸುಲಭವಾಗಿದೆ. ಎಕ್ಲಿಪ್ಸ್‌ನಲ್ಲಿ ಪಾಮ್ ಕಡತವನ್ನು ತೆರೆದರೆ ಎಡಿಟರಿನ ಕೆಳಗಡೆ ಕೆಲವು ಟ್ಯಾಬ್‌ಗಳಿರುತ್ತವೆ, ಅವುಗಳಲ್ಲಿ ‘ಇಫೆಕ್ಟಿವ್ ಪಾಮ್’ ಎಂಬುದು ನಮಗೆ ಬೇಕಾದದ್ದು. ಟರ್ಮಿನಲ್ ರೂಢಿಯವರು ‘ಎಂವಿಎನ್ ಹೆಲ್ಪ್:ಇಫೆಕ್ಟಿವ್-ಪಾಮ್’ ಎಂಬ ಆದೇಶ ಕೊಟ್ಟರೂ ಅದೇ ಬಗೆಯ ಪಠ್ಯ ಬರುತ್ತದೆ. ನಾವು ಬರೆದ ಪಾಮ್, ಅದರ ಪೇರೆಂಟ್ ಪಾಮ್, ಅದರ ಮೇಲಿನದು, ಮೇವನ್‌ನ ಒಳಗಿನ ಡೀಫಾಲ್ಟ್‌ಗಳು, ಚಾಲನೆಯಲ್ಲಿರುವ ಪ್ರೊಫೈಲ್‌ಗಳು ಎಲ್ಲವೂ ಬೆರೆತ ಮೇಲೆ ಉಳಿಯುವ ಅಂತಿಮ ರೂಪ ಅದು. ಅದರಲ್ಲಿ ‘ಮೇವನ್-ಕಂಪೈಲರ್-ಪ್ಲಗಿನ್’ ಎಂದು ಹುಡುಕಿ. ಮೊದಲು ಅದರ ಆವೃತ್ತಿ ಎಷ್ಟೆಂದು ನೋಡಿ, ಆ ಮೇಲೆ ಅದರ ಕೆಳಗೆ ಸೋರ್ಸ್, ಟಾರ್ಗೆಟ್, ರಿಲೀಸ್ ಎಂಬ ಮೂರರಲ್ಲಿ ಯಾವುದಾದರೂ ಇದೆಯೇ ನೋಡಿ. ಮೇಲ್ಭಾಗದ ಪ್ರಾಪರ್ಟೀಸ್ ವಿಭಾಗದಲ್ಲೂ ‘ಮೇವನ್.ಕಂಪೈಲರ್’ ಎಂದು ಆರಂಭವಾಗುವ ಸಾಲುಗಳಿವೆಯೇ ನೋಡಿ. ಎಲ್ಲಿಯೂ ಏನೂ ಇಲ್ಲದಿದ್ದರೆ ಪ್ಲಗಿನ್‌ನ ಆವೃತ್ತಿಯೇ ಉತ್ತರ: ಅದು 3.1 ಆಗಿದ್ದರೆ 1.5 ಬಂದೇ ಬರುತ್ತದೆ.

ಎಲ್ಲೋ ಒಂದು ಕಡೆ ಮೌಲ್ಯ ಇದ್ದೂ ನಾವು ಬಯಸಿದ್ದು ಬರದಿದ್ದರೆ ಕೆಲಸ ಸ್ವಲ್ಪ ಹೆಚ್ಚು. ಪೇರೆಂಟ್ ಪಾಮ್‌ನಲ್ಲಿ ಸೋರ್ಸ್ ಮತ್ತು ಟಾರ್ಗೆಟ್‌ಗಳನ್ನು ಪ್ಲಗಿನ್‌ನ ಕಾನ್ಫಿಗರೇಷನ್ ಒಳಗೇ ನೇರವಾಗಿ ಬರೆದಿದ್ದರೆ ನಮ್ಮ ಪಾಮ್‌ನಲ್ಲಿ ಹಾಕಿದ ಸೋರ್ಸ್, ಟಾರ್ಗೆಟ್ ಪ್ರಾಪರ್ಟಿಗಳಿಗೆ ಬೆಲೆ ಇರುವುದಿಲ್ಲ, ಏಕೆಂದರೆ ನೇರ ಕಾನ್ಫಿಗರೇಷನ್ ಇದ್ದಾಗ ಪ್ಲಗಿನ್ ಪ್ರಾಪರ್ಟಿಯನ್ನು ನೋಡುವುದೇ ಇಲ್ಲ. ಅಂತರ್ಜಾಲದಲ್ಲಿ ಸಿಕ್ಕ ಪಾಮ್‌ನಿಂದ ‘ಜಾವಾ.ವರ್ಷನ್’ ಎಂಬ ಪ್ರಾಪರ್ಟಿಯನ್ನು ನಕಲು ಮಾಡಿಕೊಂಡು, ಅದು ಇದ್ದರೂ 1.5 ಏಕೆ ಬರುತ್ತಿದೆ ಎಂದು ಕೇಳುವವರೂ ಇದ್ದಾರೆ. ಆ ಪ್ರಾಪರ್ಟಿ ಸ್ಪ್ರಿಂಗ್ ಬೂಟ್ ಎಂಬ ಫ್ರೇಮ್‌ವರ್ಕಿನ ಪೇರೆಂಟ್ ಪಾಮ್ ಬಳಸುವವರಿಗೆ ಕೆಲಸ ಮಾಡುತ್ತದೆ, ಏಕೆಂದರೆ ಆ ಪೇರೆಂಟ್ ಅದನ್ನು ಓದಿ ಕಂಪೈಲರ್ ಪ್ಲಗಿನ್‌ಗೆ ದಾಟಿಸುತ್ತದೆ. ಆ ಪೇರೆಂಟ್ ಇಲ್ಲದ ಪ್ರಾಜೆಕ್ಟಿನಲ್ಲಿ ಅದನ್ನು ಕೇಳುವವರೇ ಇಲ್ಲ. ಒಬ್ಬರ ಯಂತ್ರದಲ್ಲಿ ವಾರ್ನಿಂಗ್ ಇಲ್ಲ, ಇನ್ನೊಬ್ಬರ ಯಂತ್ರದಲ್ಲಿ ಇದೆ, ಕೋಡ್ ಮಾತ್ರ ಅಕ್ಷರಶಃ ಒಂದೇ ಎಂಬ ಪರಿಸ್ಥಿತಿ ಬಂದರೆ ಹೋಮ್ ಫೋಲ್ಡರಿನ ‘.ಎಂ2’ ಒಳಗಿನ ‘ಸೆಟ್ಟಿಂಗ್ಸ್.ಎಕ್ಸ್‌ಎಂಎಲ್’ ಕಡತವನ್ನು ತೆರೆದು ನೋಡಬೇಕು. ಅಲ್ಲಿ ಯಾವುದೋ ಕಾಲದಲ್ಲಿ ಹಾಕಿದ, ಸದಾ ಚಾಲನೆಯಲ್ಲಿರುವ ಪ್ರೊಫೈಲಿನೊಳಗೆ ಕಂಪೈಲರ್ ಪ್ರಾಪರ್ಟಿ ಅಡಗಿರಬಹುದು. ಅದನ್ನು ಅಲ್ಲಿಂದ ತೆಗೆದು ಪಾಮ್‌ಗೆ ತರುವುದೇ ಸರಿ. ಪ್ರಾಜೆಕ್ಟಿನ ಆವೃತ್ತಿ ಪ್ರಾಜೆಕ್ಟಿನ ಜೊತೆಗೇ ಸಾಗಬೇಕು.

ಇನ್ನು ಪಾಮ್‌ನಲ್ಲಿ ಏನು ಬರೆಯಬೇಕು ಎಂಬುದು. ಪ್ರಾಪರ್ಟೀಸ್ ವಿಭಾಗದಲ್ಲಿ ‘ಮೇವನ್.ಕಂಪೈಲರ್.ರಿಲೀಸ್’ ಎಂಬ ಹೆಸರಿನಲ್ಲಿ 17 ಎಂದು ಒಂದು ಸಾಲು, ಅದರ ಜೊತೆಗೆ ಕಂಪೈಲರ್ ಪ್ಲಗಿನ್‌ನ ಆವೃತ್ತಿಯನ್ನೂ ಸ್ಪಷ್ಟವಾಗಿ ನಮೂದಿಸಿದ ಕೆಲವು ಸಾಲುಗಳು, ಇಷ್ಟು ಸಾಕು. ಪ್ಲಗಿನ್‌ನ ಆವೃತ್ತಿ 3.6 ಅಥವಾ ಅದಕ್ಕಿಂತ ಹೊಸದಿರಬೇಕು, ಏಕೆಂದರೆ ರಿಲೀಸ್ ಎಂಬುದನ್ನು ಅದಕ್ಕಿಂತ ಹಳೆಯವು ಗುರುತಿಸುವುದಿಲ್ಲ. ಮೇವನ್ ಓಡುವ ಜೆಡಿಕೆಯೂ 9 ಅಥವಾ ಮೇಲಿನದಾಗಿರಬೇಕು. ಜಾವಾ 8ಕ್ಕಾಗಿ ಬಿಲ್ಡ್ ಮಾಡುವವರು ರಿಲೀಸ್‌ನ ಮೌಲ್ಯವಾಗಿ ಬರೀ 8 ಎಂದೇ ಬರೆಯಬೇಕು. ಸೋರ್ಸ್, ಟಾರ್ಗೆಟ್‌ಗಳಲ್ಲಿ ನಡೆಯುವ 1.8 ಎಂಬ ಹಳೆಯ ರೂಪವನ್ನು ರಿಲೀಸ್ ಒಪ್ಪುವುದಿಲ್ಲ. ಇಷ್ಟನ್ನು ಉಳಿಸಿ ‘ಅಪ್‌ಡೇಟ್ ಪ್ರಾಜೆಕ್ಟ್’ ಕೊಟ್ಟರೆ, ಹಿಂದೆ ನಮ್ಮ ತಿದ್ದುಪಡಿಯನ್ನು ಅಳಿಸುತ್ತಿದ್ದ ಅದೇ ಕ್ರಿಯೆ ಈಗ ಜೆಆರ್‌ಇಯ ಹೆಸರನ್ನು ತಾನಾಗಿ ‘ಜಾವಾಎಸ್‌ಇ-17’ಕ್ಕೆ ಬದಲಿಸುತ್ತದೆ. ಪ್ರಾಪರ್ಟೀಸ್ ತೆರೆಯುವ ಅಗತ್ಯವೇ ಬೀಳುವುದಿಲ್ಲ.

ಮೇಲಿನದಷ್ಟಕ್ಕೇ ಲೇಖನ ಮುಗಿಸಬಹುದಿತ್ತು. ಆದರೆ ಸೋರ್ಸ್ ಮತ್ತು ಟಾರ್ಗೆಟ್ ಎಂಬ ಪರಿಚಿತ ಜೋಡಿಯನ್ನು ಬಿಟ್ಟು ರಿಲೀಸ್ ಬಳಸಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ, ಮತ್ತು ಆ ಕಾರಣದಲ್ಲೇ ಈ ವಾರ್ನಿಂಗಿನ ನಿಜವಾದ ಅರ್ಥವೂ ಅಡಗಿದೆ.

ನಮ್ಮ ಬಳಿ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಗಳಿಗಾಗಿ ಮಾಡಿದ ಒಂದು ಡೆಸ್ಕ್‌ಟಾಪ್ ತಂತ್ರಾಂಶವಿದೆ. ರೈತರು ತಂದ ಚೀಲಗಳ ತೂಕ, ದರ, ಹಮಾಲಿ, ದಲಾಲಿ ಎಲ್ಲವನ್ನೂ ಲೆಕ್ಕ ಹಾಕಿ ಪಟ್ಟಿ ಮುದ್ರಿಸಿ ಕೊಡುತ್ತದೆ. ಎಲೆಕ್ಟ್ರಾನಿಕ್ ಕಾಟಾದ ಸೀರಿಯಲ್ ಪೋರ್ಟಿನಿಂದ ಬರುವ ತೂಕವನ್ನು ನೇರವಾಗಿ ಓದಿಕೊಳ್ಳುತ್ತದೆ. ಅಂಗಡಿಗಳಲ್ಲಿರುವ ಕಂಪ್ಯೂಟರುಗಳು ಹಳೆಯವು, ಅವುಗಳಲ್ಲಿ ಜಾವಾ 8 ಮಾತ್ರ ಇದೆ, ಮತ್ತು ಹಂಗಾಮಿನ ನಡುವೆ ಅವನ್ನು ಬದಲಾಯಿಸಿ ಎಂದು ಹೇಳುವ ಹಕ್ಕು ನಮಗಿಲ್ಲ. ಹೀಗಾಗಿ ನಾವು ಬರೆಯುವುದು ಜೆಡಿಕೆ 17ರಲ್ಲಿ, ಆದರೆ ತಯಾರಾಗುವ ಜಾರ್ ಕಡತ ಜಾವಾ 8ರಲ್ಲಿ ಓಡಬೇಕು. ಇದಕ್ಕೆ ಸೋರ್ಸ್ 1.8, ಟಾರ್ಗೆಟ್ 1.8 ಎಂದು ಪಾಮ್‌ನಲ್ಲಿ ಬರೆದರೆ ಸಾಕು ಎಂಬುದು ಸಾಮಾನ್ಯ ನಂಬಿಕೆ.

ಕಾಟಾದಿಂದ ಬಂದ ಬೈಟ್‌ಗಳನ್ನು ‘ಬೈಟ್‌ಬಫರ್’ ಎಂಬ ಕ್ಲಾಸಿನಲ್ಲಿ ತುಂಬಿ, ‘ಫ್ಲಿಪ್’ ಎಂಬ ಮೆಥಡನ್ನು ಕರೆದು, ಆಮೇಲೆ ಓದುವುದು ವಾಡಿಕೆಯ ಕ್ರಮ. ಜಾವಾ 8ರಲ್ಲಿ ಆ ಫ್ಲಿಪ್ ಮೆಥಡ್ ‘ಬಫರ್’ ಎಂಬ ಮೂಲ ಕ್ಲಾಸಿನದ್ದು, ಹಿಂತಿರುಗಿಸುವುದೂ ಬಫರ್ ಅನ್ನೇ. ಜಾವಾ 9ರಲ್ಲಿ ಬೈಟ್‌ಬಫರ್‌ಗೆ ತನ್ನದೇ ಫ್ಲಿಪ್ ಬಂತು, ಅದು ಬೈಟ್‌ಬಫರ್ ಅನ್ನೇ ಹಿಂತಿರುಗಿಸುತ್ತದೆ. ಬರೆದ ಸಾಲಿನಲ್ಲಿ ಯಾವ ವ್ಯತ್ಯಾಸವೂ ಇಲ್ಲ, ಕಂಪೈಲ್ ಆಗುವಾಗ ಯಾವ ದೋಷವೂ ಬರುವುದಿಲ್ಲ. ಆದರೆ ಜೆಡಿಕೆ 17ರ ಲೈಬ್ರರಿಯನ್ನು ಎದುರಿಗಿಟ್ಟುಕೊಂಡ ಕಂಪೈಲರ್, ಆ ಕರೆಯನ್ನು ಹೊಸ ಮೆಥಡಿನ ಸಹಿಯೊಂದಿಗೆ ಕ್ಲಾಸ್ ಕಡತದಲ್ಲಿ ದಾಖಲಿಸುತ್ತದೆ. ಜಾವಾ 8 ಇರುವ ಕಂಪ್ಯೂಟರಿನಲ್ಲಿ ತಂತ್ರಾಂಶ ತೆರೆದುಕೊಳ್ಳುತ್ತದೆ, ಲಾಗಿನ್ ಆಗುತ್ತದೆ, ರೈತನ ಹೆಸರೂ ನಮೂದಾಗುತ್ತದೆ. ಕಾಟಾದ ಮೇಲೆ ಮೊದಲ ಚೀಲ ಇಟ್ಟ ಕ್ಷಣದಲ್ಲಿ ‘ನೋ ಸಚ್ ಮೆಥಡ್ ಎರರ್’ ಬಂದು ಎಲ್ಲವೂ ನಿಲ್ಲುತ್ತದೆ. ಆಫೀಸಿನಲ್ಲಿ ಪರೀಕ್ಷೆಗೆಂದೇ ಇಟ್ಟಿರುವ, ಜಾವಾ 8 ಮಾತ್ರ ಇರುವ ಹಳೆಯ ಲ್ಯಾಪ್‌ಟಾಪಿನಲ್ಲಿ ಇದು ನಮ್ಮ ಕಣ್ಣೆದುರಿಗೇ ನಡೆಯಿತು, ಅಂಗಡಿಯವರೆಗೆ ಹೋಗಲಿಲ್ಲ. ಜನವರಿಯಿಂದ ಮಾರ್ಚ್‌ವರೆಗಿನ ದಟ್ಟಣೆಯಲ್ಲಿ ಚೀಲಗಳ ಸಾಲು ನಿಂತಿರುವಾಗ ಇದು ಅಂಗಡಿಯಲ್ಲಿ ಆಗಿದ್ದರೆ ಬೆಳಗಿನಿಂದ ಕಾದ ರೈತನಿಗೆ ಏನೆಂದು ಸಮಾಧಾನ ಹೇಳುವುದು?

ಸೋರ್ಸ್ ಎಂಬುದು ಭಾಷೆಯ ನಿಯಮಗಳನ್ನು ಮಾತ್ರ ಕಾಯುತ್ತದೆ, ಟಾರ್ಗೆಟ್ ಎಂಬುದು ಕ್ಲಾಸ್ ಕಡತದ ನಮೂನೆಯನ್ನು ಮಾತ್ರ ನಿರ್ಧರಿಸುತ್ತದೆ. ನಾವು ಕರೆಯುವ ಮೆಥಡ್ ಆ ಹಳೆಯ ಜಾವಾದ ಲೈಬ್ರರಿಯಲ್ಲಿ ಇತ್ತೇ ಇಲ್ಲವೇ ಎಂಬುದನ್ನು ಇವೆರಡೂ ನೋಡುವುದಿಲ್ಲ. ಅದನ್ನು ನೋಡುವುದಕ್ಕೆಂದೇ ಜಾವಾ 9ರಲ್ಲಿ ರಿಲೀಸ್ ಎಂಬ ಆಯ್ಕೆ ಬಂತು. ರಿಲೀಸ್ 8 ಎಂದರೆ ಜೆಡಿಕೆ 17 ತನ್ನೊಳಗೆ ಇಟ್ಟುಕೊಂಡಿರುವ ಜಾವಾ 8ರ ಸಾರ್ವಜನಿಕ ಎಪಿಐ ವಿವರಗಳನ್ನು ಮುಂದಿಟ್ಟುಕೊಂಡು ಕಂಪೈಲ್ ಮಾಡುತ್ತದೆ. ಆಗ ಫ್ಲಿಪ್ ಕರೆ ಹಳೆಯ ಸಹಿಯೊಂದಿಗೇ ದಾಖಲಾಗುತ್ತದೆ, ಜಾವಾ 8ರಲ್ಲಿ ಇಲ್ಲದ ಮೆಥಡನ್ನು ಕರೆದರೆ ಕಂಪೈಲ್ ಹಂತದಲ್ಲೇ ಕೆಂಪು ಗೆರೆ ಬೀಳುತ್ತದೆ. ಒಂದು ಮಾತನ್ನು ಮುಂಚಿತವಾಗಿಯೇ ಹೇಳಬೇಕು: ಜಾವಾದ ಒಳಗಿನ ಖಾಸಗಿ ಕ್ಲಾಸ್‌ಗಳನ್ನು ನೇರವಾಗಿ ಬಳಸಿದ ಹಳೆಯ ಕೋಡ್ ಇದ್ದರೆ ರಿಲೀಸ್ ಹಾಕಿದ ಕೂಡಲೇ ಅದು ಕಂಪೈಲ್ ಆಗದೆ ನಿಲ್ಲಬಹುದು. ಬೇಸ್64 ಎನ್‌ಕೋಡಿಂಗ್‌ಗೆ ‘ಸನ್’ ಎಂದು ಆರಂಭವಾಗುವ ಪ್ಯಾಕೇಜಿನ ಕ್ಲಾಸನ್ನು ಬಳಸಿದವರಿಗಂತೂ, ಆ ಕ್ಲಾಸನ್ನು ಜೆಡಿಕೆ 9ರಲ್ಲೇ ತೆಗೆದುಹಾಕಿರುವುದರಿಂದ, ರಿಲೀಸ್ ಹಾಕದಿದ್ದರೂ ಹೊಸ ಜೆಡಿಕೆಯಲ್ಲಿ ಇದೇ ತೊಂದರೆ ಎದುರಾಗುತ್ತದೆ. ಜಾವಾ 8ರಿಂದ ‘ಜಾವಾ.ಯುಟಿಲ್’ ಒಳಗೇ ಅಧಿಕೃತ ಬೇಸ್64 ಇರುವುದರಿಂದ ಅದಕ್ಕೆ ಬದಲಾಯಿಸಿಕೊಳ್ಳುವುದು ಕಷ್ಟವಲ್ಲ.

ಈಗ ಎಕ್ಲಿಪ್ಸ್‌ನ ವಾರ್ನಿಂಗ್ ಕಡೆಗೆ ಮತ್ತೊಮ್ಮೆ ನೋಡಿ. ಕರಾರುವಾಕ್ಕಾಗಿ ಹೊಂದುವ ಜೆಆರ್‌ಇ ಇಲ್ಲ ಎಂದು ಅದು ಹೇಳುವುದು ಇದೇ ಅಪಾಯವನ್ನು. ಜಾವಾ 17 ಇದ್ದರೆ 1.8ಕ್ಕೆ ಬೇಕಾದದ್ದೆಲ್ಲ ಹೆಚ್ಚುಕಡಿಮೆ ಸಿಗುತ್ತದೆ, ಆದ್ದರಿಂದ ಎಕ್ಲಿಪ್ಸ್ ಕೆಲಸವನ್ನು ನಿಲ್ಲಿಸುವುದಿಲ್ಲ, ಆದರೆ 1.8ರಲ್ಲಿ ಇಲ್ಲದ ಸಾವಿರಾರು ಹೆಚ್ಚಿನ ಸಂಗತಿಗಳೂ ಅದರಲ್ಲಿ ಇರುವುದರಿಂದ, ಅವುಗಳಲ್ಲಿ ಯಾವುದನ್ನಾದರೂ ನೀವು ಅರಿಯದೆ ಬಳಸಿಬಿಡಬಹುದು ಎಂದು ಎಚ್ಚರಿಸುತ್ತದೆ. ಟರ್ಮಿನಲ್‌ನಲ್ಲಿ ಸೋರ್ಸ್ 8 ಎಂದು ಕಂಪೈಲ್ ಮಾಡುವಾಗ ಬೂಟ್‌ಸ್ಟ್ರ್ಯಾಪ್ ಕ್ಲಾಸ್ ಪಾತ್ ಹೊಂದಿಸಿಲ್ಲ ಎಂದು ಜಾವಾಸಿ ಕೊಡುವ ವಾರ್ನಿಂಗ್ ಕೂಡ ಇದೇ ಮಾತಿನ ಇನ್ನೊಂದು ರೂಪ.

ಹೀಗಾಗಿ ಜಾವಾ 17ಕ್ಕೇ ಬರೆಯುವವರಿಗೆ ಪಾಮ್‌ನಲ್ಲಿ 17 ಎಂದು ನಮೂದಿಸಿದರೆ ವಾರ್ನಿಂಗ್ ಮುಗಿಯಿತು. ನಮ್ಮಂತೆ ಜಾವಾ 8ಕ್ಕೆ ಬರೆಯುವವರಿಗೆ ಪಾಮ್ ಸರಿಯಾದ ಮೇಲೂ ಅದು ಉಳಿಯಬಹುದು, ಈ ಸಲ 1.5ರ ಬದಲು ‘ಜಾವಾಎಸ್‌ಇ-1.8’ ಎಂಬ ಹೆಸರಿನೊಂದಿಗೆ. ಇದಕ್ಕೆ ನಾವು ಅನುಸರಿಸುವ ದಾರಿ, ಜೆಡಿಕೆ 17ರ ಜೊತೆಗೆ ಜೆಡಿಕೆ 8ನ್ನೂ ಇಳಿಸಿಕೊಂಡು ಎಕ್ಲಿಪ್ಸ್‌ಗೆ ಪರಿಚಯಿಸುವುದು. ‘ಪ್ರಿಫರೆನ್ಸಸ್’ನಲ್ಲಿ ‘ಜಾವಾ’ ಕೆಳಗೆ ‘ಇನ್‌ಸ್ಟಾಲ್ಡ್ ಜೆಆರ್‌ಇಸ್’ ಎಂಬಲ್ಲಿ ಜೆಡಿಕೆ 8ರ ಫೋಲ್ಡರನ್ನು ಸೇರಿಸಿ, ಅದರ ಕೆಳಗಿರುವ ‘ಎಕ್ಸಿಕ್ಯೂಷನ್ ಎನ್ವಿರಾನ್‌ಮೆಂಟ್ಸ್’ ಪುಟಕ್ಕೆ ಹೋಗಿ, ಎಡಗಡೆ ‘ಜಾವಾಎಸ್‌ಇ-1.8’ ಆರಿಸಿದರೆ ಬಲಗಡೆ ಹೊಂದುವ ಜೆಆರ್‌ಇಗಳ ಪಟ್ಟಿ ಕಾಣುತ್ತದೆ. ಅದರಲ್ಲಿ ಜೆಡಿಕೆ 8ರ ಪಕ್ಕದಲ್ಲಿ ಚೌಕ ಕಂಸದೊಳಗೆ ‘ಪರ್ಫೆಕ್ಟ್ ಮ್ಯಾಚ್’ ಎಂದಿರುತ್ತದೆ, 17ರ ಪಕ್ಕದಲ್ಲಿ ಹಾಗೆ ಇರುವುದಿಲ್ಲ. ಪರ್ಫೆಕ್ಟ್ ಮ್ಯಾಚ್ ಇರುವುದಕ್ಕೆ ಟಿಕ್ ಹಾಕಿ ಮುಚ್ಚಿದರೆ ವಾರ್ನಿಂಗ್ ಹೋಗುತ್ತದೆ. ಈ ಆಯ್ಕೆ ಪ್ರಾಜೆಕ್ಟಿನಲ್ಲಿ ಉಳಿಯದೆ ವರ್ಕ್‌ಸ್ಪೇಸಿನ ‘.ಮೆಟಾಡೇಟಾ’ ಫೋಲ್ಡರಿನಲ್ಲಿ ಉಳಿಯುವುದರಿಂದ ‘ಅಪ್‌ಡೇಟ್ ಪ್ರಾಜೆಕ್ಟ್’ ಅದನ್ನು ಮುಟ್ಟುವುದಿಲ್ಲ. ಹೊಸ ವರ್ಕ್‌ಸ್ಪೇಸ್ ತೆರೆದಾಗ ಮಾತ್ರ ಮತ್ತೊಮ್ಮೆ ಮಾಡಬೇಕು.

ವಾರ್ನಿಂಗನ್ನೇ ಅಡಗಿಸುವ ದಾರಿಯೂ ಎಕ್ಲಿಪ್ಸ್‌ನಲ್ಲಿದೆ. ಕಂಪೈಲರ್ ಪ್ರಿಫರೆನ್ಸ್‌ನ ‘ಬಿಲ್ಡಿಂಗ್’ ಪುಟದಲ್ಲಿ ಕರಾರುವಾಕ್ಕಾದ ಜೆಆರ್‌ಇ ಇಲ್ಲದ ಸಂದರ್ಭಕ್ಕೆಂದೇ ಒಂದು ಸಾಲಿದೆ, ಅದನ್ನು ‘ಇಗ್ನೋರ್’ ಮಾಡಿದರೆ ಹಳದಿ ಗುರುತು ಮರೆಯಾಗುತ್ತದೆ. ಹುಡುಕಾಟದಲ್ಲಿ ಮೊದಲು ಸಿಗುವ ಉತ್ತರಗಳಲ್ಲಿ ಇದೂ ಇರುವುದರಿಂದ ವಿದ್ಯಾರ್ಥಿಗಳು ಬೇಗನೆ ಇದರ ಮೊರೆ ಹೋಗುತ್ತಾರೆ. ನಾನು ಇದನ್ನು ಯಾರಿಗೂ ಹೇಳಿಕೊಡುವುದಿಲ್ಲ, ನಮ್ಮ ಆಫೀಸಿನಲ್ಲಿ ಇದಕ್ಕೆ ಅವಕಾಶವೂ ಇಲ್ಲ. ಆ ಸಾಲನ್ನು ‘ಎರರ್’ಗೆ ಏರಿಸಿ ಇಟ್ಟುಕೊಂಡರೂ ನನ್ನ ಅಭ್ಯಂತರವಿಲ್ಲ. ವರ್ಕ್‌ಸ್ಪೇಸನ್ನು ಅಳಿಸಿ ಹೊಸದಾಗಿ ಶುರುಮಾಡುವುದು, ‘.ಮೆಟಾಡೇಟಾ’ ಫೋಲ್ಡರನ್ನು ಡಿಲೀಟ್ ಮಾಡುವುದು, ಎಕ್ಲಿಪ್ಸ್ ಅನ್ನೇ ಮರುಸ್ಥಾಪಿಸುವುದು ಇವೆಲ್ಲ ಈ ವಾರ್ನಿಂಗಿಗೆ ಔಷಧವಲ್ಲ. ಮೇಲಾಗಿ ನಾವೇ ಹೊಂದಿಸಿಕೊಂಡ ಜೆಆರ್‌ಇ ಪಟ್ಟಿ, ಕೀಲಿಗಳ ಆಯ್ಕೆ, ರನ್ ಕಾನ್ಫಿಗರೇಷನ್‌ಗಳು ಹಾಳಾಗುತ್ತವೆ.

ಗಿಟ್ ವಿಷಯದಲ್ಲೂ ಒಂದು ನಿರ್ಧಾರ ಮಾಡಿಕೊಳ್ಳಬೇಕು. ‘.ಕ್ಲಾಸ್‌ಪಾತ್’ ಕಡತವನ್ನು ರೆಪೊಸಿಟರಿಗೆ ಸೇರಿಸಿದರೆ ಒಬ್ಬೊಬ್ಬರ ಎಕ್ಲಿಪ್ಸ್ ಅದನ್ನು ಒಂದೊಂದು ಬಗೆಯಲ್ಲಿ ಬರೆದು, ಯಾರೂ ಮಾಡದ ಬದಲಾವಣೆಗಳು ಪ್ರತಿ ಕಮಿಟ್‌ನಲ್ಲೂ ತೂರಿಬರುತ್ತವೆ, ಮತ್ತು ಒಬ್ಬರು ತೆಗೆದ ವಾರ್ನಿಂಗ್ ಇನ್ನೊಬ್ಬರ ಪುಲ್‌ನಿಂದ ಮರಳುತ್ತದೆ. ಮೇವನ್ ಪ್ರಾಜೆಕ್ಟಿನಲ್ಲಿ ಅದನ್ನು ಗಿಟ್‌ನಿಂದ ಹೊರಗಿಡುವುದೇ ಲೇಸು, ಪಾಮ್ ಇದ್ದರೆ ಅದು ಯಾವಾಗ ಬೇಕಾದರೂ ಮರುಹುಟ್ಟುತ್ತದೆ. ಕೋಡಿನ ಜೋಡಣೆಯ ನಿಯಮಗಳನ್ನು ‘.ಸೆಟ್ಟಿಂಗ್ಸ್’ ಒಳಗೆ ಇಟ್ಟು ಹಂಚಿಕೊಳ್ಳುವ ತಂಡಗಳೂ ಇವೆ, ಅದಕ್ಕೆ ನನ್ನ ವಿರೋಧವಿಲ್ಲ.

ಎಕ್ಲಿಪ್ಸ್ ಬಿಟ್ಟು ಇಂಟೆಲಿಜೆಯಲ್ಲಿ ಕೆಲಸ ಮಾಡುವವರಿಗೂ ಇದೇ ಕಥೆ. ಅಲ್ಲಿ ‘ಲ್ಯಾಂಗ್ವೇಜ್ ಲೆವೆಲ್’ ಅನ್ನು ಕೈಯಾರೆ ಏರಿಸಿದರೂ ಮೇವನ್ ರೀಲೋಡ್ ಆದಾಗ 5ಕ್ಕೆ ಇಳಿಯುತ್ತಿದ್ದರೆ ನೋಡಬೇಕಾದದ್ದು ಇದೇ ಪಾಮ್ ಅನ್ನು. ಮೇವನ್ ಬದಲು ಗ್ರೇಡಲ್ ಎಂಬ ಬಿಲ್ಡ್ ಸಾಧನ ಬಳಸುವವರು ಬಿಲ್ಡ್ ಕಡತದಲ್ಲಿ ಟೂಲ್‌ಚೈನ್ ಅಥವಾ ರಿಲೀಸ್ ಅನ್ನು ನಮೂದಿಸಬೇಕು.

ಎಲ್ಲ ಮುಗಿದ ಮೇಲೆ ಫಲಿತಾಂಶವನ್ನು ಎಕ್ಲಿಪ್ಸ್‌ನ ಪರದೆಯ ಮೇಲೆ ಮಾತ್ರ ನೋಡಿ ನಂಬಬೇಡಿ. ಟರ್ಮಿನಲ್‌ನಲ್ಲಿ ಒಮ್ಮೆ ‘ಎಂವಿಎನ್ -ವಿ’ ಕೊಟ್ಟು ಮೇವನ್ ಯಾವ ಜಾವಾದ ಮೇಲೆ ಓಡುತ್ತಿದೆ ಎಂದು ನೋಡಿಕೊಳ್ಳಿ, ಏಕೆಂದರೆ ಅದು ‘ಜಾವಾ_ಹೋಮ್’ ತೋರಿಸುವ ಜಾಗವನ್ನು ಅನುಸರಿಸುತ್ತದೆಯೇ ಹೊರತು ಎಕ್ಲಿಪ್ಸ್‌ನ ಆಯ್ಕೆಯನ್ನಲ್ಲ. ಬಿಲ್ಡ್ ಆದ ಮೇಲೆ ‘ಜಾವಾಪಿ -ವರ್ಬೋಸ್’ ಆದೇಶದಿಂದ ಯಾವುದಾದರೊಂದು ಕ್ಲಾಸ್ ಕಡತವನ್ನು ತೆರೆದರೆ ಆರಂಭದ ಸಾಲುಗಳಲ್ಲೇ ‘ಮೇಜರ್ ವರ್ಷನ್’ ಎಂಬ ಸಂಖ್ಯೆ ಸಿಗುತ್ತದೆ: ಜಾವಾ 5ಕ್ಕೆ 49, 8ಕ್ಕೆ 52, 11ಕ್ಕೆ 55, 17ಕ್ಕೆ 61, 21ಕ್ಕೆ 65. ನಮ್ಮ ದಲಾಲಿ ತಂತ್ರಾಂಶದ ಜಾರ್ ಹೊರಗೆ ಹೋಗುವ ಮೊದಲು ಅಲ್ಲಿ 52 ಇದೆ ಎಂಬುದನ್ನು ನೋಡಿ, ಆ ಮೇಲೆ ಹಳೆಯ ಲ್ಯಾಪ್‌ಟಾಪಿಗೆ ಕಾಟಾ ಜೋಡಿಸಿ ಒಂದು ತೂಕವನ್ನಾದರೂ ಓದಿಸಿಯೇ ಕಳಿಸುತ್ತೇವೆ. ಮೇಜರ್ ವರ್ಷನ್ ಸರಿಯಿದ್ದ ಮಾತ್ರಕ್ಕೆ ಮೆಥಡ್‌ಗಳ ಸಹಿಯೂ ಸರಿಯಿರುತ್ತದೆ ಎನ್ನುವಂತಿಲ್ಲ; ಬೈಟ್‌ಬಫರ್ ನಿಂತುಹೋದ ಆ ಜಾರ್‌ನಲ್ಲೂ ಇದ್ದದ್ದು 52 ಆಗಿತ್ತು.